ಕಾಳಿಯ ಓಟ, ಅಜ್ಜನ ಲೆಕ್ಕ

ಬೆಳಿಗ್ಗೆ ಆರೂಕಾಲು ಗಂಟೆ. ಶಿರಾಳಕೊಪ್ಪದ ನಮ್ಮ ಮನೆಯ ಹಿತ್ತಿಲಲ್ಲಿ ನಾನೂ ಆರನೇ ತರಗತಿಯ ನನ್ನ ಮೊಮ್ಮಗಳೂ ಒಬ್ಬರ ಹಿಂದೆ ಒಬ್ಬರು ನಡೆಯುತ್ತಿದ್ದೆವು. ಅಡ್ಡಗಳದ ಪಕ್ಕ ಬಂದಾಗ ಕೈ ಮುಂದೆ ಚಾಚಿ "ಹಾರು" ಎನ್ನುತ್ತಿದ್ದೆವು. ಹಲಗೆಯ ಪಕ್ಕ ಬಂದಾಗ "ಸಂಕ" ಎನ್ನುತ್ತಿದ್ದೆವು. ತಿರುವು ಬಂದರೆ ಗರಕ್ಕನೆ ತಿರುಗಿ, ಎಡಗೈ ಇಳಿಸಿ ಬಲಗೈ ತೋರಿಸುತ್ತಿದ್ದೆವು. ಇಷ್ಟೆಲ್ಲ ನಡೆಯುವಾಗ ನಾಯಿ ಮಾತ್ರ ನಮ್ಮ ಜೊತೆ ಇರಲಿಲ್ಲ. ಅದು ಜಗಲಿಯ ಮೇಲೆ ಮಲಗಿ, ಮುಂಗಾಲಿನ ಮೇಲೆ ಗಲ್ಲ ಊರಿ, ನಮ್ಮನ್ನೇ ನೋಡುತ್ತಿತ್ತು.

ರಂಗೋಲಿ ಡಬ್ಬಿ ಹಿಡಿದು ಹೊರಟಿದ್ದ ನನ್ನ ಹೆಂಡತಿ ಬಾಗಿಲಲ್ಲೇ ನಿಂತಳು. "ರೀ, ನಾಯಿಗೆ ಕಲಿಸ್ತೀವಿ ಅಂತ ಹೇಳಿದ್ರಿ. ಈಗ ನೋಡಿದ್ರೆ ನಾಯಿ ಮಲಗಿದೆ, ನೀವಿಬ್ರೂ ಓಡ್ತಿದ್ದೀರಿ. ಯಾರು ಯಾರಿಗೆ ಕಲಿಸ್ತಿರೋದು?"

ಆ ಪ್ರಶ್ನೆಗೆ ಸರಿಯಾದ ಉತ್ತರ ಸಿಗಲು ನನಗೆ ಒಂದು ಇಡೀ ಬೇಸಿಗೆ ಹಿಡಿಯಿತು. ನನ್ನ ವಯಸ್ಸಿನ ಅಜ್ಜ ಅಜ್ಜಿಯರಿಗೂ, ಮನೆಯಲ್ಲಿ ನಾಯಿ ಸಾಕಿರುವ ಮಕ್ಕಳಿಗೂ ಅದರಿಂದ ಉಪಯೋಗವಾದೀತು ಎಂದು ಇಲ್ಲಿ ಬರೆಯುತ್ತಿದ್ದೇನೆ.

ಸಂತೆಯಲ್ಲಿ ಸಿಕ್ಕ ಮರಿ

ಎರಡು ವರ್ಷದ ಹಿಂದಿನ ಆಷಾಢ. ಸಂತೆ ಮುಗಿಸಿ ಬರುವಾಗ ಜೋರು ಮಳೆ ಹಿಡಿಯಿತು. ತರಕಾರಿ ಅಂಗಡಿಯ ಟಾರ್ಪಾಲಿನ ಕೆಳಗೆ ನಿಂತಿದ್ದಾಗ ಕಾಲಿಗೆ ಏನೋ ತಣ್ಣಗೆ ತಾಗಿತು. ಬಗ್ಗಿ ನೋಡಿದರೆ ಕಪ್ಪು ಹೆಣ್ಣುಮರಿ. ಎದೆಯ ಮೇಲೆ ಮಾತ್ರ ಅಕ್ಕಿಕಾಳು ಚೆಲ್ಲಿದ ಹಾಗೆ ಒಂದಿಷ್ಟು ಬಿಳಿ ಕೂದಲು. ಮಳೆ ನಿಂತ ಮೇಲೆ ಅದು ನನ್ನ ಕೈಚೀಲದಲ್ಲಿ ಬದನೆಕಾಯಿಗಳ ಮೇಲೆ ಕುಳಿತು ಮನೆಗೆ ಬಂತು. ಜಾತಿನಾಯಿಯಲ್ಲ, ನಮ್ಮೂರ ಬೀದಿಯ ನಾಡುನಾಯಿ.

ಕಾಳಿ ಎಂದು ಹೆಸರಿಟ್ಟವನು ನಾನು. ಬಣ್ಣ ಕಪ್ಪು ಎಂಬುದಷ್ಟೇ ಕಾರಣವಲ್ಲ. ಕನ್ನಡ ನಾಡಿನಲ್ಲಿ ಕಾಳಿ ಎಂಬ ನಾಯಿಯೊಂದು ಸಾವಿರ ವರ್ಷಕ್ಕೂ ಹಿಂದೆ ಕಲ್ಲಿನಲ್ಲಿ ಹೆಸರು ಬರೆಸಿಕೊಂಡಿದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಶಾಸನ ಅದು. ಕಾಲ ಸುಮಾರು ಕ್ರಿ.ಶ. 949. ರಾಷ್ಟ್ರಕೂಟರ ಮೂರನೇ ಕೃಷ್ಣನ ಪರವಾಗಿ ಗಂಗರ ಇಮ್ಮಡಿ ಬೂತುಗ ಚೋಳರ ಮೇಲೆ ಯುದ್ಧ ಮಾಡಿ ಗೆದ್ದ ಕಾಲ. ಬೂತುಗನ ವೀರ ಮಣಲೆರನ ಪರಾಕ್ರಮಕ್ಕೆ ಮೆಚ್ಚಿ ಏನು ಬೇಕೋ ಕೇಳು ಎಂದಾಗ, ಅವನು ಊರನ್ನೂ ಕೇಳಲಿಲ್ಲ, ಹೊನ್ನನ್ನೂ ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಮುಂದೆ ಆ ಕಾಳಿ ದೊಡ್ಡದೊಂದು ಕಾಡುಹಂದಿಯ ಮೇಲೆ ಬಿದ್ದು ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟರು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಕಾದಾಡುವ ಚಿತ್ರವಿದೆ. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಕ್ಕಳೇ, ಬೆಂಗಳೂರಿಗೆ ಹೋದಾಗ ಅಪ್ಪ ಅಮ್ಮನನ್ನು ಪುಸಲಾಯಿಸಿ ನೋಡಿ ಬನ್ನಿ.

ಆತಕೂರಿನ ಕಾಳಿ ಕಾಡುಹಂದಿಗೆ ಹೆದರಲಿಲ್ಲ. ನಮ್ಮ ಕಾಳಿಗೆ ಕುಕ್ಕರ್ ಸೀಟಿ ಕೇಳಿದರೆ ಸಾಕು, ಮಂಚದ ಕೆಳಗೆ. ಈ ವಿಷಯ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಕುದುರೆಯ ಆಟ ನಾಯಿಗೆ ಬಂದದ್ದು

ಅಡಿಕೆ ಕೊಯ್ಲಿನ ಗಲಾಟೆ ಮುಗಿದು ಹಿತ್ತಿಲು ಖಾಲಿಯಾದ ಒಂದು ಸಂಜೆ ಮೊಮ್ಮಗಳು ಅವಳಪ್ಪನ ಮೊಬೈಲ್ ಹಿಡಿದು ಓಡಿ ಬಂದಳು. "ಅಜ್ಜ, ಇಲ್ಲಿ ನೋಡು!" ಒಂದು ನಾಯಿ ಗಳ ಹಾರಿ, ಸುರಂಗದೊಳಗೆ ನುಗ್ಗಿ, ಹೊರಬಂದು, ಸಾಲಾಗಿ ನೆಟ್ಟ ಕೋಲುಗಳ ನಡುವೆ ಹಾವಿನಂತೆ ಹರಿಯುತ್ತಿತ್ತು. ಪಕ್ಕದಲ್ಲಿ ಒಬ್ಬ ಹೆಂಗಸು ಓಡುತ್ತಾ ಕೈ ತೋರಿಸುತ್ತಿದ್ದಳು. ಕುತ್ತಿಗೆಯಲ್ಲಿ ಹಗ್ಗವಿಲ್ಲ, ಕೈಯಲ್ಲಿ ತಿಂಡಿಯಿಲ್ಲ.

ಈ ಆಟಕ್ಕೆ ಡಾಗ್ ಅಜಿಲಿಟಿ ಎಂದು ಹೆಸರು. ಚುರುಕಿನ ಅಡೆತಡೆ ಓಟ ಎನ್ನಬಹುದು. ಇದು ಹುಟ್ಟಿದ್ದು 1978ರಲ್ಲಿ, ಲಂಡನ್ನಿನಲ್ಲಿ. ಕ್ರಫ್ಟ್ಸ್ ಎಂಬ ಹೆಸರಾಂತ ಶ್ವಾನ ಪ್ರದರ್ಶನದಲ್ಲಿ ಒಂದು ಕಾರ್ಯಕ್ರಮಕ್ಕೂ ಇನ್ನೊಂದಕ್ಕೂ ನಡುವೆ ಜನರಿಗೆ ಬೇಸರವಾಗದಂತೆ ಏನಾದರೂ ಬೇಕಿತ್ತು. ಸಂಘಟಕರಲ್ಲಿ ಒಬ್ಬರಾದ ಜಾನ್ ವಾರ್ಲಿ ಅವರು ನಾಯಿ ತರಬೇತಿ ಬಲ್ಲ ಪೀಟರ್ ಮೀನ್‌ವೆಲ್ ಅವರ ನೆರವು ಪಡೆದು, ಕುದುರೆ ಸವಾರಿಯ ನೆಗೆತದ ಸ್ಪರ್ಧೆಯನ್ನೇ ನಾಯಿಗಳಿಗೆ ಇಳಿಸಿದರು. ನಡುವಿನ ಹೊತ್ತು ಕಳೆಯಲು ಮಾಡಿದ ಆಟವೇ ಜನರಿಗೆ ಹಿಡಿಸಿಬಿಟ್ಟಿತು. 1980ರಲ್ಲಿ ಇಂಗ್ಲೆಂಡಿನ ಕೆನಲ್ ಕ್ಲಬ್ ಅದಕ್ಕೆ ಮಾನ್ಯತೆ ಕೊಟ್ಟಿತು. 1996ರಿಂದ ವಿಶ್ವ ಚಾಂಪಿಯನ್‌ಷಿಪ್ಪೂ ನಡೆಯುತ್ತಿದೆ.

ನಿಯಮ ಸರಳ. ತಡೆಗಳಿಗೆ ನಂಬರು ಹಾಕಿರುತ್ತಾರೆ. ಅದೇ ಕ್ರಮದಲ್ಲಿ, ತಪ್ಪಿಲ್ಲದೆ, ಬೇಗ ಓಡಬೇಕು. ಗಳ ಬಿದ್ದರೆ 5 ಅಂಕ ದಂಡ. ತಡೆಯ ಮುಂದೆ ಬಂದು ನಿರಾಕರಿಸಿ ನಿಂತರೆ 5 ಅಂಕ. ಮೂರು ಸಲ ನಿರಾಕರಿಸಿದರೆ ಆಟದಿಂದ ಹೊರಗೆ. ನಂಬರು ತಪ್ಪಿ ಬೇರೆ ತಡೆಗೆ ಹೋದರೂ ಹೊರಗೆ. ಓಡಿಸುವವರು ನಾಯಿಯನ್ನು ಮುಟ್ಟಿ ಸಹಾಯ ಮಾಡುವಂತಿಲ್ಲ. ಮಾತು, ಕೈ, ಹೆಜ್ಜೆ, ಇಷ್ಟರಿಂದಲೇ ದಾರಿ ತೋರಿಸಬೇಕು.

ಪ್ರಾಣಿಗಳ ಓಟ ನಮ್ಮ ಸೀಮೆಗೆ ಹೊಸದಲ್ಲ. ದೀಪಾವಳಿ ಕಳೆಯಿತೆಂದರೆ ಶಿಕಾರಿಪುರ, ಸೊರಬದ ಹಳ್ಳಿಗಳಲ್ಲಿ ಹೋರಿ ಹಬ್ಬ. ಕೊಬ್ಬರಿ ಸರ ಕಟ್ಟಿಕೊಂಡ ಹೋರಿ ಜನರ ನಡುವೆ ಗಾಳಿಯಂತೆ ಹೋಗುವುದನ್ನು ಇಲ್ಲಿನ ಮಕ್ಕಳೆಲ್ಲ ಕಂಡಿದ್ದಾರೆ. ಹೋರಿ ಸಾಕಿದವರನ್ನು ಕೇಳಿದರೆ ಹೇಳುತ್ತಾರೆ: ಓಟ ಒಂದು ಗಳಿಗೆ, ಸಾಕಣೆ ವರ್ಷವಿಡೀ. ನಾಯಿಯ ಆಟಕ್ಕೂ ಈ ಮಾತು ಒಪ್ಪುತ್ತದೆ.

ಹಿತ್ತಿಲಿನ ಸರಂಜಾಮು

ಸ್ಪರ್ಧೆಯ ಸಾಮಾನು ದುಡ್ಡು ಕೊಟ್ಟು ತರಿಸುವ ಯೋಚನೆ ನಮಗಿರಲಿಲ್ಲ. ಮನೆಯಲ್ಲಿ ಇದ್ದದ್ದನ್ನೇ ಒಟ್ಟುಮಾಡಿದೆವು.

ಹಾರುವುದಕ್ಕೆ ಐದು ಅಡ್ಡಗಳ. ಎರಡು ಕಡೆ ಇಟ್ಟಿಗೆ ಪೇರಿಸಿ, ಮೇಲೆ ಹಗುರವಾದ ಪಿವಿಸಿ ಪೈಪು. ಪೈಪನ್ನು ಎಂದೂ ಕಟ್ಟಬಾರದು. ಕಾಲು ತಾಗಿದರೆ ಉರುಳಿ ಬೀಳಬೇಕು, ಇಲ್ಲದಿದ್ದರೆ ನಾಯಿಯ ಕಾಲಿಗೆ ಪೆಟ್ಟು. ಹಾವಿನ ದಾರಿಗೆ ಹನ್ನೆರಡು ಬಿದಿರು ಕೋಲು, ಸ್ಪರ್ಧೆಯಲ್ಲಿರುವಂತೆಯೇ 60 ಸೆಂ.ಮೀ. ಅಂತರ. ಇಲ್ಲಿ ಮೊದಲ ಕೋಲು ನಾಯಿಯ ಎಡ ಭುಜದ ಪಕ್ಕ ಬರುವಂತೆ ಒಳಹೋಗಬೇಕು ಎಂಬುದು ನಿಯಮ. ಪಂಕ್ಚರ್ ಅಂಗಡಿಯವನು ಒಂದು ಹಳೆಯ ಟಯರು ಕೊಟ್ಟ. ಬಿದಿರು ಸೀಳಿ ಬಳೆ ಮಾಡಿ, ಟಾರ್ಪಾಲು ಹೊದಿಸಿ ಸುರಂಗ ಮಾಡಿದೆವು. ಅಗಲ 60 ಸೆಂ.ಮೀ. ಎರಡು ಹಲಗೆಗಳನ್ನು ಮನೆಯ ಮಾಡಿನ ಹಾಗೆ ಜೋಡಿಸಿದ್ದು ಏರಿ ಇಳಿಯುವ ಗುಡ್ಡ. ಮೂರು ಹಲಗೆ ಸೇರಿಸಿ ಮಾಡಿದ್ದು ಸಂಕ. ಮಲೆನಾಡಿನ ಹಳ್ಳಗಳಿಗೆ ಅಡಿಕೆ ಮರ ಅಡ್ಡ ಹಾಕುವ ಕಾಲುಸಂಕ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಸ್ಪರ್ಧೆಯಲ್ಲಿ ಇದರ ಎತ್ತರ 120ರಿಂದ 130 ಸೆಂ.ಮೀ. ನಾವು 40 ಸೆಂ.ಮೀ.ಗೆ ನಿಲ್ಲಿಸಿದೆವು.

ಕೊನೆಯದು ತೂಗುಹಲಗೆ. ಶಾಲೆಯ ಆಟದ ಬಯಲಿನ ಸೀಸಾ ಇದ್ದ ಹಾಗೆ. ನಾಯಿ ಕೆಳಗಿರುವ ತುದಿಯಿಂದ ಹತ್ತಿ, ನಡುವನ್ನು ದಾಟಿದಾಗ ಎದುರಿನ ತುದಿ ಕೆಳಗೆ ಬರುತ್ತದೆ. ಅದು ನೆಲ ಮುಟ್ಟುವ ತನಕ ಕಾದು ಆಮೇಲೆ ಇಳಿಯಬೇಕು. ಸಂಕ, ಗುಡ್ಡ, ತೂಗುಹಲಗೆ ಮೂರರ ತುದಿಗೂ ಬೇರೆ ಬಣ್ಣದ ಪಟ್ಟೆ ಇರುತ್ತದೆ. ನಾಯಿ ಇಳಿಯುವಾಗ ಆ ಪಟ್ಟೆಯ ಮೇಲೆ ಕಾಲಿಡಲೇಬೇಕು. ಎತ್ತರದಿಂದಲೇ ಜಿಗಿದು ಕೀಲು ನೋಯಿಸಿಕೊಳ್ಳಬಾರದೆಂದು ಈ ನಿಯಮ. ಹಲಗೆ ಜಾರದಂತೆ ಬಣ್ಣ ಹಸಿಯಿದ್ದಾಗಲೇ ಮೇಲೆ ಮರಳು ಉದುರಿಸಿದೆವು.

ಎಲ್ಲಕ್ಕೂ ಮೊದಲು ಪಶುವೈದ್ಯರಿಗೆ ತೋರಿಸಿದೆವು. ಬೆಳೆಯುವ ಮರಿಗಳ ಎಲುಬಿನ ತುದಿ ಇನ್ನೂ ಮೆದುವಾಗಿರುತ್ತದೆ. ಆಗ ಎತ್ತರ ಹಾರಿಸಬಾರದು. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ 18 ತಿಂಗಳು ತುಂಬದ ನಾಯಿಯನ್ನು ಸೇರಿಸಿಕೊಳ್ಳುವುದಿಲ್ಲ. ಕಾಳಿಗೆ ಆ ವಯಸ್ಸು ದಾಟಿತ್ತು. ರೇಬೀಸ್ ಲಸಿಕೆ ಪ್ರತಿ ವರ್ಷ ಹಾಕಿಸುತ್ತಿದ್ದೇವೆ. ಬೇಸಿಗೆಯಾದ್ದರಿಂದ ಬೆಳಿಗ್ಗೆ ಏಳೂವರೆಯೊಳಗೆ ಆಟ ಮುಗಿಯಬೇಕು. ಅಂಗೈ ಹಿಂಭಾಗವನ್ನು ನೆಲಕ್ಕೆ ಒತ್ತಿ ಹಿಡಿದಾಗ ನಮಗೆ ಸುಟ್ಟರೆ, ನಾಯಿಯ ಪಾದಕ್ಕೂ ಸುಡುತ್ತದೆ.

ಹದಿನಾಲ್ಕು ತಡೆ, ನಾಲ್ಕು ಪುಟ

ಬೇಸಿಗೆ ರಜೆ ಬರುವಷ್ಟರಲ್ಲಿ ಕಾಳಿ ಒಂದೊಂದು ತಡೆಯನ್ನೂ ಬೇರೆ ಬೇರೆಯಾಗಿ ಕಲಿತಿತ್ತು. ತೂಗುಹಲಗೆ ಮಾತ್ರ ಅರ್ಧಂಬರ್ಧ. ಆಗ ಮೊಮ್ಮಗಳು ಗ್ರಾಫ್ ಹಾಳೆಯಲ್ಲಿ ಒಂದು ಸೆಂಟಿಮೀಟರಿಗೆ ಒಂದು ಮೀಟರ್ ಲೆಕ್ಕದಲ್ಲಿ ನಕ್ಷೆ ಬರೆದಳು. ಅವಳಪ್ಪ ಮೊಬೈಲಿನಲ್ಲಿ ತೋರಿಸಿದ ದೊಡ್ಡ ಸ್ಪರ್ಧೆಯೊಂದರ ನಕ್ಷೆಯನ್ನು ಹಿತ್ತಿಲಿಗೆ ತಕ್ಕಂತೆ ಕುಗ್ಗಿಸಿದ್ದು. ಹದಿನಾಲ್ಕು ನಂಬರು. ಕೆಲವು ತಡೆಗೆ ಎರಡು ಸಲ ಹೋಗಬೇಕು. ನಡುವೆ ಒಂದು ಬಲೆ: ಮೂರನೆಯ ನಂಬರಿನ ಟಯರು ದಾಟಿದ ಕೂಡಲೇ ಎದುರಿಗೆ ಸಂಕವೂ ಸುರಂಗದ ಬಾಯಿಯೂ ಪಕ್ಕಪಕ್ಕದಲ್ಲೇ ಕಾಣುತ್ತವೆ. ಹೋಗಬೇಕಾದ್ದು ಸಂಕಕ್ಕೆ. ನಾಯಿಗಳಿಗೆ ಇಷ್ಟವಾದದ್ದು ಸುರಂಗ.

ಮೊದಲ ದಿನ ಇಡೀ ಓಟ ಓಡಿಸಿದೆವು. ಒಂಬತ್ತು ತಪ್ಪು. ಎರಡನೇ ದಿನ ಹನ್ನೊಂದು. ಕಾಳಿ ಮೂರನೆಯ ಸಲಕ್ಕೆ ಹುಲ್ಲಿನಲ್ಲಿ ಮಲಗಿ ಮೈ ಕೆರೆಯತೊಡಗಿತು. ನಾಯಿಗೆ ಏನು ಮಾಡಬೇಕೆಂದು ತಿಳಿಯದಾಗ ಹೀಗೆಲ್ಲ ಮಾಡುತ್ತದಂತೆ. ಅದು ಸೋಮಾರಿತನವಲ್ಲ.

ಆಗ ನನ್ನ ಹಳೆಯ ಕೆಲಸ ನೆನಪಾಯಿತು. ಕಂಪ್ಯೂಟರ್ ಬರುವ ಮುಂಚೆ ಬ್ಯಾಂಕಿನಲ್ಲಿ ದಪ್ಪ ಲೆಡ್ಜರುಗಳ ಕಾಲ. ಸಂಜೆ ಲೆಕ್ಕದಲ್ಲಿ ಹತ್ತು ಪೈಸೆ ತಾಳೆಯಾಗದಿದ್ದರೂ ಯಾರೂ ಮನೆಗೆ ಹೋಗುವಂತಿರಲಿಲ್ಲ. ಇಡೀ ಲೆಡ್ಜರನ್ನು ಒಟ್ಟಿಗೆ ನೋಡಿದರೆ ತಪ್ಪು ಸಿಗುವುದಿಲ್ಲ. ಒಂದೊಂದೇ ಪುಟ ತೆಗೆದು ಕೂಡಿ, ಟಿಕ್ ಹಾಕಿ ಮುಂದೆ ಹೋಗಬೇಕು. ಕೆಲವೊಮ್ಮೆ ಕೊನೆಯ ಪುಟದಿಂದ ಹಿಂದಕ್ಕೆ ಬಂದರೆ ಬೇಗ ಸಿಗುತ್ತಿತ್ತು.

ಓಟವನ್ನೂ ನಾಲ್ಕು ಪುಟ ಮಾಡಿದೆವು. 1ರಿಂದ 4, 5ರಿಂದ 8, 9ರಿಂದ 11, 12ರಿಂದ 14. ಕೊನೆಯ ಪುಟವನ್ನು ಮೊದಲು ಕಲಿಸಿದೆವು. ಅದು ಗಟ್ಟಿಯಾದ ಮೇಲೆ ಅದರ ಹಿಂದಿನ ಪುಟ. ಹೀಗೆ ಮಾಡಿದರೆ ನಾಯಿ ಯಾವಾಗಲೂ ತನಗೆ ಗೊತ್ತಿರುವ ದಾರಿಯ ಕಡೆಗೇ ಓಡುತ್ತದೆ. ಮುಂದೆ ಹೋದಂತೆ ಅದಕ್ಕೆ ಧೈರ್ಯ ಹೆಚ್ಚುತ್ತದೆ. ಕವಿತೆಯನ್ನು ಕೊನೆಯ ಸಾಲಿನಿಂದ ಬಾಯಿಪಾಠ ಮಾಡಿ ನೋಡಿ ಮಕ್ಕಳೇ, ನಿಮಗೂ ಹೀಗೇ ಅನ್ನಿಸುತ್ತದೆ.

ನಾಯಿಯಿಲ್ಲದೆ ನಡೆಯುವ ಅಭ್ಯಾಸವೂ ಆಗಲೇ ಶುರುವಾದದ್ದು. ಸ್ಪರ್ಧೆಯಲ್ಲೂ ಓಟಕ್ಕೆ ಮುಂಚೆ ಓಡಿಸುವವರಿಗೆ ಒಂದಷ್ಟು ನಿಮಿಷ ಬರಿಗೈಯಲ್ಲಿ ನಡೆದು ನೋಡಲು ಬಿಡುತ್ತಾರೆ. ಎಲ್ಲಿ ತಿರುಗಬೇಕು, ಯಾವ ಕೈ ತೋರಿಸಬೇಕು ಎಂದು ಅಲ್ಲೇ ತೀರ್ಮಾನಿಸಿಕೊಳ್ಳಬೇಕು. ಓಡುವಾಗ ಯೋಚಿಸಲು ಹೊತ್ತಿರುವುದಿಲ್ಲ. ದಿನಕ್ಕೆ ಹತ್ತು ನಿಮಿಷ, ಹೆಚ್ಚೆಂದರೆ ಹದಿನೈದು. ಸರಿ ಮಾಡಿದ ಕ್ಷಣದಲ್ಲೇ "ಭೇಷ್" ಎನ್ನಬೇಕು, ಕಡಲೆಕಾಳಿನಷ್ಟು ಚಪಾತಿ ಚೂರು ಕೊಡಬೇಕು. ತಡವಾಗಿ ಕೊಟ್ಟರೆ ಯಾವುದಕ್ಕೆ ಕೊಟ್ಟರು ಎಂದು ನಾಯಿಗೆ ತಿಳಿಯುವುದಿಲ್ಲ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ನಾಯಿಗೆ ವಿಷ. ಪ್ರೀತಿಯಿಂದಲೂ ಕೊಡಬೇಡಿ.

ನಾನು ಮಾಡಿದ ತಪ್ಪು

ಇನ್ನು ಹೇಳಲು ಮುಜುಗರವಾಗುವ ಭಾಗ.

ಒಂದು ಭಾನುವಾರ ಮನೆಗೆ ನೆಂಟರು ಬಂದಿದ್ದರು. ಕಾಫಿ ಕುಡಿಯುತ್ತಾ ನಾನು ಕಾಳಿಯ ಗುಣಗಾನ ಮಾಡಿದೆ. "ಹಾಗಾದ್ರೆ ತೋರಿಸಿ ನೋಡೋಣ" ಎಂದರು. ಮೊಮ್ಮಗಳು ಸ್ನಾನಕ್ಕೆ ಹೋಗಿದ್ದಳು. ಅವಳು ಬರುವ ತನಕ ಕಾಯಬಹುದಿತ್ತು. ನಾನು ಕಾಯಲಿಲ್ಲ.

ಕಾಳಿ ಗಳ ಹಾರಿತು, ಸುರಂಗ ನುಗ್ಗಿತು. ನೆಂಟರು ಚಪ್ಪಾಳೆ ತಟ್ಟಿದರು. ತೂಗುಹಲಗೆಯ ಮುಂದೆ ಮಾತ್ರ ನಿಂತುಬಿಟ್ಟಿತು. ಕಿವಿ ಹಿಂದಕ್ಕೆ ಹೋಯಿತು, ಬಾಲ ಕೆಳಗೆ. ಬೇಡ ಎಂದು ಅದು ಹೇಳಿದ್ದು ನನಗೆ ಚೆನ್ನಾಗಿ ಗೊತ್ತಾಯಿತು. ಆದರೂ ಕೊರಳಪಟ್ಟಿ ಹಿಡಿದು ಎಳೆದು ಹತ್ತಿಸಿದೆ. ನಡು ದಾಟಿದ್ದೇ ತಡ, ಹಲಗೆ ಕೆಳಗಿದ್ದ ಕಲ್ಲಿಗೆ ಫಟ್ಟನೆ ಬಡಿಯಿತು. ಕಾಳಿ ಪಕ್ಕಕ್ಕೆ ಹಾರಿ ಬಿತ್ತು. ಕುಂಯ್ ಎಂದು ಒಂದೇ ಸಲ ಕೂಗಿ, ಮುಂಗಾಲು ಎತ್ತಿಕೊಂಡು ಮನೆಯೊಳಗೆ ಓಡಿತು.

ಪಶುವೈದ್ಯರು ನೋಡಿ ಮೂಳೆಗೆ ಏನೂ ಆಗಿಲ್ಲ, ಉಳುಕಿದೆ, ಒಂದು ವಾರ ಓಡಿಸಬೇಡಿ ಎಂದರು. ಮೊಮ್ಮಗಳು ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. ರಾತ್ರಿ ಊಟದ ಹೊತ್ತಿಗೆ ಒಂದೇ ಮಾತು ಕೇಳಿದಳು: "ಅಜ್ಜ, ಅದು ಬೇಡ ಅಂತ ಹೇಳಿತ್ತು ಅಲ್ವಾ?"

ನನ್ನ ಹತ್ತಿರ ಉತ್ತರವಿರಲಿಲ್ಲ.

ಕಾಲು ಐದು ದಿನದಲ್ಲಿ ಸರಿಯಾಯಿತು. ಆದರೆ ಕಾಳಿ ನನ್ನ ಹತ್ತಿರ ಬರುವುದನ್ನು ಬಿಟ್ಟಿತು. ಹೆಂಡತಿ ಕೊಟ್ಟರೆ ತಿನ್ನುತ್ತದೆ, ಮಗ ಕರೆದರೆ ಹೋಗುತ್ತದೆ. ನಾನು ಕೈ ಚಾಚಿದರೆ ಎದ್ದು ಆಚೆ ಹೋಗಿ ಮಲಗುತ್ತದೆ. ಎರಡು ವರ್ಷದ ಹಿಂದೆ ನನ್ನ ಚೀಲದಲ್ಲಿ ಬಂದ ನಾಯಿ. ಎಪ್ಪತ್ತಮೂರರ ವಯಸ್ಸಿನಲ್ಲಿ ಒಂದು ನಾಯಿ ಮುಖ ತಿರುಗಿಸಿದ್ದಕ್ಕೆ ನಿದ್ದೆ ಬರಲಿಲ್ಲ ಎಂದರೆ ನೀವು ನಕ್ಕೀರಿ. ಆದರೆ ಬರಲಿಲ್ಲ.

ಹಿಂದಕ್ಕೆ ಬರುವ ದಾರಿಯೂ ಪುಟಪುಟವಾಗಿಯೇ ಇತ್ತು. ತೂಗುಹಲಗೆಯ ನಡುವಿನ ಆಧಾರ ತೆಗೆದು, ಹಲಗೆಯನ್ನು ನೆಲದ ಮೇಲೆ ಚಪ್ಪಟೆಯಾಗಿ ಹಾಕಿದೆ. ಸಂಜೆ ಅದರ ಪಕ್ಕ ಚಾಪೆ ಹಾಸಿಕೊಂಡು ಪೇಪರ್ ಓದುತ್ತಾ ಕುಳಿತೆ. ಹಲಗೆಯ ಮೇಲೆ ಚಪಾತಿ ಚೂರು. ಕರೆಯಲಿಲ್ಲ, ನೋಡಲೂ ಇಲ್ಲ. ಮೊದಲ ಮೂರು ದಿನ ಚೂರುಗಳನ್ನು ಇರುವೆ ತಿಂದವು. ಆರನೇ ದಿನ ಕಾಳಿ ದೂರದಿಂದ ಕತ್ತು ಚಾಚಿ ಒಂದು ಚೂರು ಎಳೆದುಕೊಂಡಿತು. ಒಂಬತ್ತನೇ ದಿನ ಹಲಗೆಯ ಮೇಲೆ ನಿಂತು ತಿಂದಿತು. ಹನ್ನೊಂದನೇ ದಿನ ನನ್ನ ಕೈಯಿಂದ.

ಆಮೇಲೆ ಹಲಗೆಯ ನಡುವೆ ಒಂದು ಸಣ್ಣ ಕೋಲು ಇಟ್ಟೆವು. ಎರಡು ಬೆರಳಷ್ಟು ಅಲುಗಾಟ. ನಂತರ ಒಂದು ಇಟ್ಟಿಗೆ. ಹಲಗೆ ಬೀಳುವ ಕಡೆ ಮಡಿಸಿದ ಗೋಣಿಚೀಲ ಹಾಕಿ ಶಬ್ದ ಅಡಗಿಸಿದೆವು. ತುದಿಯ ಕೆಳಗೆ ನನ್ನ ಅಂಗೈ. ಕಾಳಿ ನಡು ದಾಟಿದಾಗ ಹಲಗೆಯ ಭಾರವನ್ನು ನಾನು ಹಿಡಿದು, ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಮೆಲ್ಲಗೆ ನೆಲಕ್ಕೆ ಇಳಿಸುತ್ತಿದ್ದೆ. ಓಡಲಾರದ ನನ್ನ ಮಂಡಿಗಳಿಗೆ ಇದು ಹೇಳಿ ಮಾಡಿಸಿದ ಕೆಲಸವಾಯಿತು.

ಪೆನ್ಸಿಲಿನ ಭಯ

ಉಳಿದದ್ದು ನಾಲ್ಕನೇ ನಂಬರಿನ ಬಲೆ. ಎಷ್ಟು ಸಲ ಓಡಿಸಿದರೂ ಕಾಳಿ ಸಂಕ ಬಿಟ್ಟು ಸುರಂಗಕ್ಕೇ ನುಗ್ಗುತ್ತಿತ್ತು.

ಮೊದಲು ಮಾತಿನ ಮೇಲೆ ಅನುಮಾನ ಬಂತು. "ಸಂಕ", "ಸುರಂಗ" ಎರಡೂ ಸಕಾರದಿಂದ ಶುರುವಾಗುತ್ತವೆ, ನಡುವೆ ಸೊನ್ನೆಯೂ ಇದೆ. ಓಡುವ ನಾಯಿಯ ಕಿವಿಗೆ ಎರಡೂ ಒಂದೇ ಥರ ಕೇಳಬಹುದು. ಸುರಂಗಕ್ಕೆ "ಬಿಲ" ಎಂದು ಹೆಸರು ಬದಲಿಸಿದೆವು. ಸ್ವಲ್ಪ ಗುಣ ಕಂಡಿತು. ಆದರೂ ಹತ್ತರಲ್ಲಿ ಆರು ಸಲ ತಪ್ಪು.

ಕೊನೆಗೆ ಮಗ ಮೊಬೈಲಿನಲ್ಲಿ ಚಿತ್ರೀಕರಿಸಿ ನಿಧಾನವಾಗಿ ಓಡಿಸಿ ತೋರಿಸಿದ. ಜಗಲಿಯ ಮೇಲೆ ಎಲ್ಲರೂ ತಲೆ ಸೇರಿಸಿ ನೋಡಿದೆವು. ಕಾಳಿ ಟಯರಿನಿಂದ ಹೊರಬರುತ್ತದೆ. ಮೊಮ್ಮಗಳು ಬಾಯಲ್ಲಿ "ಸಂಕ" ಎನ್ನುತ್ತಾಳೆ. ಕೈಯೂ ಸಂಕದ ಕಡೆಗೇ ಇದೆ. ಆದರೆ ಅವಳ ಎರಡೂ ಪಾದ, ಭುಜ, ಮುಖ ಮೂರೂ ಸುರಂಗದ ಕಡೆಗೆ! ನಾಯಿಗಳು ನಮ್ಮ ಮಾತಿಗಿಂತ ಮೈಯನ್ನು ಹೆಚ್ಚು ಓದುತ್ತವೆ. ಕಾಳಿ ತಪ್ಪು ಮಾಡಿರಲಿಲ್ಲ. ಕಾಲ್ಬೆರಳು ತೋರಿಸಿದ ಕಡೆಗೇ ಹೋಗಿತ್ತು.

"ಅಲ್ಲಿ ಯಾಕೆ ಆ ಕಡೆ ತಿರುಗ್ತೀಯ ಪುಟ್ಟಿ?" ಎಂದು ಕೇಳಿದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನೀನು ಆ ಕಡೆ ನಿಂತಿರ್ತೀಯಲ್ಲ ಅಜ್ಜ, ಪುಸ್ತಕ ಹಿಡ್ಕೊಂಡು. ನೀನು ಪೆನ್ಸಿಲ್ ಎತ್ತಿದ್ಯಾ ಅಂತ ನೋಡ್ತೀನಿ. ಎತ್ತಿದ್ರೆ ತಪ್ಪಾಯ್ತು ಅಂತ ಗೊತ್ತಾಗುತ್ತೆ."

ಸುರಂಗದ ಆಚೆ ನಿಂತು ಪ್ರತಿ ಓಟದ ತಪ್ಪನ್ನೂ ದಿನಾಂಕ ಹಾಕಿ ಬರೆದುಕೊಳ್ಳುತ್ತಿದ್ದೆ, ನಿಜ. ಮೂವತ್ತಾರು ವರ್ಷದ ಅಭ್ಯಾಸ. ಆ ಹತ್ತು ಪೈಸೆ ಎಲ್ಲಿದೆ ಎಂದು ನಾಯಿಯಲ್ಲಿ ಹುಡುಕಿದೆ, ಮೊಮ್ಮಗಳಲ್ಲಿ ಹುಡುಕಿದೆ. ಅದು ನನ್ನ ಜೇಬಿನಲ್ಲೇ ಇತ್ತು. ಲೆಡ್ಜರಿಗೆ ಭಯವಿಲ್ಲ, ಎಷ್ಟು ಸಲ ತಪ್ಪು ತೋರಿಸಿದರೂ ಅದು ಸುಮ್ಮನೆ ಕೂತಿರುತ್ತದೆ. ಮಗು ಹಾಗಲ್ಲ, ನಾಯಿಯೂ ಹಾಗಲ್ಲ.

ಪುಸ್ತಕವನ್ನು ಅವಳ ಕೈಗೆ ಕೊಟ್ಟೆ. "ಇನ್ನು ಮುಂದೆ ನೀನೇ ಬರೆ. ನನ್ನ ತಪ್ಪನ್ನೂ ಬರೆ." ಮಾರನೆಯ ಬೆಳಿಗ್ಗೆ ನಾನು ತೂಗುಹಲಗೆಯ ಪಕ್ಕ ನೆಲದ ಮೇಲೆ ಕುಳಿತೆ. ಮೊಮ್ಮಗಳು ಟಯರು ದಾಟಿಸಿದಳು, ಪಾದ ಸಂಕದ ಕಡೆ ತಿರುಗಿಸಿದಳು. ಕಾಳಿ ಸಂಕ ಹತ್ತಿ ಟಪಟಪ ಎಂದು ನಡೆದು ಹೋಯಿತು. ಹತ್ತಕ್ಕೆ ಒಂಬತ್ತು ಸಲ.

ಕೊನೆಯ ಭಾನುವಾರ

ಶಾಲೆ ಶುರುವಾಗುವ ಮುಂಚಿನ ಭಾನುವಾರ ಹದಿನಾಲ್ಕೂ ನಂಬರಿನ ಓಟ ಇಟ್ಟುಕೊಂಡೆವು. ನೆಂಟರನ್ನು ಕರೆಯಲಿಲ್ಲ. ನೋಡಲು ಇದ್ದವರು ನನ್ನ ಹೆಂಡತಿ, ಮಗ, ಸೊಸೆ, ಪಕ್ಕದ ಮನೆಯ ಇಬ್ಬರು ಹುಡುಗರು.

ಒಂದು, ಎರಡು, ಟಯರು. ಸಂಕ ಸರಿಯಾಯಿತು. ಐದು, ಬಿಲ, ಗಳ, ಗುಡ್ಡ. ಹಾವಿನ ದಾರಿಯಲ್ಲಿ ಹನ್ನೆರಡೂ ಕೋಲು. ಹತ್ತನೇ ನಂಬರಿನಲ್ಲಿ ಹಿಂಗಾಲು ತಾಗಿ ಪೈಪು ಬಿತ್ತು, 5 ಅಂಕ. ಮೊಮ್ಮಗಳು ತಿರುಗಿ ನೋಡಲಿಲ್ಲ. ಹನ್ನೊಂದು, ತೂಗುಹಲಗೆ. ಕಾಳಿ ಹತ್ತಿತು. ಹಲಗೆಯ ಕೆಳಗಿದ್ದ ನನ್ನ ಕೈಯನ್ನು ತೆಗೆದುಕೊಂಡೆ. ಕಾಳಿ ನಡುವಿಗೆ ಬಂದು ನಿಂತಿತು, ನನ್ನನ್ನೊಮ್ಮೆ ನೋಡಿತು. ನಾನು ಏನೂ ಹೇಳಲಿಲ್ಲ. ಅದೇ ಒಂದು ಹೆಜ್ಜೆ ಮುಂದಿಟ್ಟಿತು. ಹಲಗೆ ಗೋಣಿಚೀಲದ ಮೇಲೆ ಧೊಪ್ಪೆಂದಿತು. ಕಾಳಿ ಹಳದಿ ಪಟ್ಟೆಯ ಮೇಲೆ ಕಾಲೂರಿ ಇಳಿದು, ಬಿಲಕ್ಕೆ ನುಗ್ಗಿ, ಕೊನೆಯ ಎರಡು ಗಳ ಹಾರಿ, ನೇರವಾಗಿ ಬಂದು ನನ್ನ ಮಡಿಲಿನ ಮೇಲೆ ಬಿತ್ತು. ಕನ್ನಡಕ ಹುಲ್ಲಿಗೆ ಹಾರಿತು.

ಅಂದು ರಾತ್ರಿ ಪುಸ್ತಕ ತೆಗೆದು ನೋಡಿದೆ. ಮೊಮ್ಮಗಳ ದುಂಡು ಅಕ್ಷರದಲ್ಲಿ ಹೀಗಿತ್ತು: "ಕಾಳಿ: 5 ಅಂಕ ದಂಡ. ನಾನು: ತಪ್ಪಿಲ್ಲ. ಅಜ್ಜ: ತಪ್ಪಿಲ್ಲ. ಕನ್ನಡಕ: ಒಂದು ಕಾಲು ಸೊಟ್ಟ."

ನಿಮ್ಮ ಮನೆಯಲ್ಲೂ ಶುರು ಮಾಡಬೇಕೆನಿಸಿದರೆ ಹದಿನಾಲ್ಕು ತಡೆ ಬೇಡ. ಪೊರಕೆಯ ಕಡ್ಡಿಯೊಂದನ್ನು ನೆಲದ ಮೇಲೆ ಹಾಕಿ, ನಾಯಿ ಅದನ್ನು ದಾಟಿದಾಗ ಭೇಷ್ ಎನ್ನಿ. ಅಷ್ಟು ಸಾಕು. ಜಾತಿನಾಯಿಯೇ ಆಗಬೇಕೆಂದೂ ಇಲ್ಲ. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯ ಓಟ ಹೆಸರಾದದ್ದು, 2005ರಲ್ಲಿ ಅದರ ಅಂಚೆಚೀಟಿಯೂ ಬಂದಿದೆ. ಆದರೆ ಆಟಕ್ಕೆ ಬೀದಿಯ ಕರಿಯನೂ ಸಾಕು. ಮಕ್ಕಳು ಮಾತ್ರ ದೊಡ್ಡವರಿಲ್ಲದೆ ಅಪರಿಚಿತ ನಾಯಿಯ ಹತ್ತಿರ ಹೋಗಬಾರದು. ಯಾವ ನಾಯಿ ಕಚ್ಚಿದರೂ, ಪರಚಿದರೂ ಮುಚ್ಚಿಡಬಾರದು. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು.

ಈಗ ಮಳೆ ಹಿಡಿದಿದೆ. ಸರಂಜಾಮೆಲ್ಲ ಕೊಟ್ಟಿಗೆಯ ಅಟ್ಟ ಸೇರಿದೆ. ಸಂಕದ ಒಂದು ಹಲಗೆಯನ್ನು ಮಾತ್ರ ಒಳಗಿಡಲಿಲ್ಲ. ಹಿತ್ತಿಲಿನ ಕಾಲುವೆ ತುಂಬಿ ಹರಿಯುವುದರಿಂದ ಅದನ್ನು ಅದರ ಮೇಲೆ ಅಡ್ಡ ಹಾಕಿದ್ದೇವೆ. ಬೆಳಿಗ್ಗೆ ಹೂವು ಕೊಯ್ಯಲು ಹೊರಟ ನನ್ನ ಹೆಂಡತಿ ಛತ್ರಿ ಹಿಡಿದು ಅದರ ಮುಂದೆ ಅನುಮಾನಿಸುತ್ತಾ ನಿಲ್ಲುತ್ತಾಳೆ. ಕಾಳಿ ಮುಂದೆ ಹೋಗಿ, ದಾಟಿ, ಆಚೆ ದಡದಲ್ಲಿ ನಿಂತು ತಿರುಗಿ ನೋಡುತ್ತದೆ. ಕರೆಯುವುದಿಲ್ಲ, ಎಳೆಯುವುದಿಲ್ಲ. ಅವಳು ದಾಟುವ ತನಕ ಅಲ್ಲೇ ಕಾಯುತ್ತದೆ.